ಹೃದಯ ಕಾಯ್ದ ದೇಶಗಳು: ಮುಂಬಯಿ ಕನ್ನಡಿಗರು ಯಾರ ದಾರಿ ಹಿಡಿಯಬೇಕು?

ನಮ್ಮ ಸಂಘದ ಕಾರ್ಯಕಾರಿ ಸಮಿತಿ ಈ ವರ್ಷ ನನ್ನ ಮುಂದೆ ಒಂದು ಪ್ರಶ್ನೆ ಇಟ್ಟಿತು. ಹೃದಯ ತಪಾಸಣೆ ಶಿಬಿರಕ್ಕೆಂದು ವರ್ಷ ವರ್ಷವೂ ತೆಗೆದಿಡುವ ಹಣವನ್ನು ಈ ಸಲವೂ ಶಿಬಿರಕ್ಕೇ ಹಾಕುವುದೋ, ಬೇರೆ ಏನಾದರೂ ಮಾಡುವುದೋ? ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು ನಾನು. ನಿವೃತ್ತಳಾದ ಮೇಲೆ ಶಿಬಿರಗಳಲ್ಲಿ ರಕ್ತದೊತ್ತಡ ನೋಡುವ ಮೇಜು ನನ್ನ ಪಾಲಿಗೆ ಬಂದಿದೆ.

ನಾಲ್ಕು ವರ್ಷದ ಹಿಂದೆ ಆ ಮೇಜಿನ ಮುಂದೆ ಒಬ್ಬ ಅಡುಗೆಯ ಭಟ್ಟರು ಬಂದು ಕುಳಿತರು. ಉಡುಪಿ ಕಡೆಯವರು, ವಯಸ್ಸು 46, ರಕ್ತದೊತ್ತಡ 172/110. ಚೀಟಿಯಲ್ಲಿ ಬರೆದುಕೊಟ್ಟು, "ಭಟ್ಟರೇ, ನಾಳೆಯೇ ಡಾಕ್ಟರರನ್ನು ಕಾಣಬೇಕು" ಎಂದೆ. "ಆಯಿತು ಅಕ್ಕ" ಎಂದು ಹೋದರು. ಏಳು ತಿಂಗಳ ಮೇಲೆ ಒಂದು ಬೆಳಗಿನ ಜಾವ ಇಡ್ಲಿ ಬೇಯಿಸುವ ಹೊತ್ತಿಗೆ ಕುಸಿದುಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಊರಿಗೆ ಕಳಿಸಲೆಂದು ಅವರ ಟ್ರಂಕು ತೆರೆದವರಿಗೆ ನನ್ನ ಕೈಬರಹದ ಚೀಟಿ ಮಡಚಿಟ್ಟ ಹಾಗೆಯೇ ಸಿಕ್ಕಿತು. ಸಂಘದ ಆ ವರ್ಷದ ವರದಿಯಲ್ಲಿ ಅವರು ಶಿಬಿರದ ಪ್ರಯೋಜನ ಪಡೆದ 212 ಜನರಲ್ಲಿ ಒಬ್ಬರು.

ಆ ಚೀಟಿ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಸಮಿತಿಗೆ ಉತ್ತರ ಕೊಡುವ ಮೊದಲು, ಹೃದ್ರೋಗ ಬಾರದಂತೆ ತಡೆಯಲು ಬೇರೆ ಬೇರೆ ದೇಶಗಳು ಏನು ಮಾಡಿದವು, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ಕುಳಿತು ಓದಿದೆ. ಮುಂಬಯಿ, ಠಾಣೆ, ಡೊಂಬಿವಲಿ, ಪುಣೆಗಳಲ್ಲಿ ಇದೇ ಪ್ರಶ್ನೆ ಎದುರಿಸುತ್ತಿರುವ ಸಂಘಗಳಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮಗೆ ಇದು ಬೇರೆಯವರಿಗಿಂತ ಹೆಚ್ಚು ತುರ್ತಿನ ವಿಷಯ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬಂದ ವಯಸ್ಸಿನ ನಡುಬಿಂದು 53. ಉಳಿದ ದೇಶದವರಿಗಿಂತ ಸುಮಾರು ಆರು ವರ್ಷ ಮೊದಲು. ಮುಂಬಯಿ ಮಹಾನಗರಪಾಲಿಕೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 69 ವಯಸ್ಸಿನವರ ಪೈಕಿ ಶೇ 34ರಷ್ಟು ಜನರಿಗೆ ಅಧಿಕ ರಕ್ತದೊತ್ತಡ ಇತ್ತು. ಚರ್ಚ್‌ಗೇಟ್ ಲೋಕಲ್‌ನಲ್ಲಿ ಒಂದು ಬೆಂಚಿನ ಮೇಲೆ ಕುಳಿತ ಮೂವರಲ್ಲಿ ಒಬ್ಬರಿಗೆ ಎಂದುಕೊಳ್ಳಿ.

ಫಿನ್ಲೆಂಡ್: ಆಸ್ಪತ್ರೆಯಿಂದಲ್ಲ, ಅಡುಗೆಮನೆಯಿಂದ

ಇದರ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಫಿನ್ಲೆಂಡಿನ ಪೂರ್ವ ಗಡಿಯಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತ್ಯ. ಕಾಡು, ಸರೋವರ, ಹೈನುಗಾರಿಕೆ. ಮರ ಕಡಿಯುವ, ಹಾಲು ಕರೆಯುವ ಗಟ್ಟಿಮುಟ್ಟಾದ ಜನ. ಅಂಥ ಗಂಡಸರು ನಲವತ್ತು, ಐವತ್ತರ ವಯಸ್ಸಿಗೇ ಹೃದಯಾಘಾತದಿಂದ ಸಾಯುತ್ತಿದ್ದರು. 1970ರ ಸುಮಾರಿಗೆ ಜಗತ್ತಿನಲ್ಲಿ ಈ ಸಾವಿನ ಪ್ರಮಾಣ ಅತ್ಯಂತ ಹೆಚ್ಚಿದ್ದ ಪ್ರದೇಶಗಳಲ್ಲಿ ಅದೂ ಒಂದು. 1971ರಲ್ಲಿ ಪ್ರಾಂತ್ಯದ ಪ್ರತಿನಿಧಿಗಳೇ ಸರಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ಯೋಜನೆ ಶುರುವಾಯಿತು. ಅದನ್ನು ವಹಿಸಿಕೊಂಡ ವೈದ್ಯ ಪೆಕ್ಕಾ ಪುಸ್ಕಾ ಅವರಿಗೆ ಆಗ ಇನ್ನೂ ಮೂವತ್ತೂ ತುಂಬಿರಲಿಲ್ಲ.

ಅವರು ಹೊಸ ಹೃದಯ ಆಸ್ಪತ್ರೆ ಕಟ್ಟಲಿಲ್ಲ. ಜನರ ತಟ್ಟೆ ನೋಡಿದರು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಅಡುಗೆಗೂ ಬೆಣ್ಣೆ, ಕೆನೆ ತೆಗೆಯದ ಹಾಲು, ಎಲ್ಲದಕ್ಕೂ ಉಪ್ಪು, ತರಕಾರಿ ಇಲ್ಲವೆನ್ನುವಷ್ಟು ಕಡಿಮೆ, ಮೇಲೆ ಸಿಗರೇಟು. ಮಾರ್ತಾ ಎಂಬ ಗೃಹಿಣಿಯರ ಸಂಘಟನೆಯೊಂದು ಹಳ್ಳಿಹಳ್ಳಿಯಲ್ಲಿ ಮೊದಲೇ ಇತ್ತು. ವೈದ್ಯರ ತಂಡ ಆ ಹೆಂಗಸರ ಬಳಿ ಹೋಯಿತು. ಅವರು ಸಂಜೆ ಊಟದ ಕೂಟಗಳನ್ನು ಏರ್ಪಡಿಸಿ, ಅಜ್ಜಿಯ ಕಾಲದ ಸಾರನ್ನೇ ಕೊಬ್ಬು ಇಳಿಸಿ, ತರಕಾರಿ ಏರಿಸಿ ಬಡಿಸಿದರು. ಹೊಸ ಆಹಾರ ತಿನ್ನಿ ಎನ್ನಲಿಲ್ಲ, ಇದ್ದ ಅಡುಗೆಯನ್ನೇ ತಿದ್ದಿದರು. ಸಾಸೇಜು ಮಾಡುವವರ ಜೊತೆ ಮಾತಾಡಿ ಅದರ ಕೊಬ್ಬಿನ ಪಾಲು ಇಳಿಸಿ ಅಣಬೆ ಸೇರಿಸಿದರು. ಬೆಣ್ಣೆಯ ಬೇಡಿಕೆ ಇಳಿದರೆ ಹೈನುಗಾರರು ಬದುಕುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, ಆ ಚಳಿಯಲ್ಲೂ ಚೆನ್ನಾಗಿ ಬೆಳೆಯುವ ಕಾಡುಹಣ್ಣುಗಳ ಕೃಷಿಗೆ ಅವರಿಗೆ ನೆರವಾದರು. ಮುಂದೆ ಹಳ್ಳಿಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯವನ್ನೂ ನಡೆಸಿದರು.

ಮೂರೂವರೆ ದಶಕದಲ್ಲಿ ಅಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಸುಮಾರು ಶೇ 85ರಷ್ಟು ಇಳಿಯಿತು. ಇದರಲ್ಲಿ ಯೋಜನೆಯ ಪಾಲೆಷ್ಟು ಎಂಬ ಚರ್ಚೆ ಇದೆ, ಏಕೆಂದರೆ ಹೋಲಿಕೆಗೆಂದು ಇಟ್ಟುಕೊಂಡಿದ್ದ ಪಕ್ಕದ ಕುವೋಪಿಯೋ ಪ್ರಾಂತ್ಯದಲ್ಲೂ ಸಾವು ಇಳಿಯಿತು. ನನ್ನ ದೃಷ್ಟಿಯಲ್ಲಿ ಅದು ಯೋಜನೆಯ ಸೋಲಲ್ಲ. 1977ರಿಂದ ಕೆಲಸ ಇಡೀ ದೇಶಕ್ಕೆ ಹಬ್ಬಿತು, ತಂಬಾಕು ಕಾನೂನು ಬಂತು, ಉಪ್ಪು ಹೆಚ್ಚಿರುವ ಪದಾರ್ಥದ ಮೇಲೆ ಹಾಗೆಂದು ಅಚ್ಚು ಹಾಕಲೇಬೇಕು ಎಂಬ ನಿಯಮ 1990ರ ದಶಕದಲ್ಲಿ ಬಂತು. ಒಳ್ಳೆಯ ಅಡುಗೆ ಪಕ್ಕದ ಮನೆಗೂ ಹೋಗುತ್ತದೆ.

ಮುಂಬಯಿಯಲ್ಲಿ ನಮ್ಮವರ ಕೈಯಲ್ಲಿ ಎಷ್ಟು ಅಡುಗೆಮನೆಗಳಿವೆ ಎಂದು ಯೋಚಿಸಿ. ಒಂದು ಉಡುಪಿ ಹೋಟೆಲಿನ ಸಾಂಬಾರಿಗೆ ಭಟ್ಟರು ಎಷ್ಟು ಉಪ್ಪು ಹಾಕುತ್ತಾರೆ ಎಂಬುದು ದಿನಕ್ಕೆ ಹಲವು ನೂರು ಜನರ ರಕ್ತದೊತ್ತಡದ ಲೆಕ್ಕ. ಫಿನ್ಲೆಂಡಿನ ಗೃಹಿಣಿಯರಿಗೂ ಒಂದು ಕೈಗೆ ಇಷ್ಟು ಬಲ ಇರಲಿಲ್ಲ.

ಮಾರಿಷಸ್: ರೇಷನ್ನಿನ ಎಣ್ಣೆ

ಫಿನ್ಲೆಂಡಿನವರ ಮಾತು ನಮಗೇಕೆ ಎನ್ನುವವರು ಮಾರಿಷಸ್ ನೋಡಬೇಕು. ಆ ದ್ವೀಪದ ಬಹುಪಾಲು ಜನರ ಮೂಲ ಭಾರತ. ಭೋಜಪುರಿಯವರು, ತಮಿಳರು, ತೆಲುಗರು, ಇದೇ ಮಹಾರಾಷ್ಟ್ರದ ಕಡೆಯಿಂದ ಹೋದವರೂ ಇದ್ದಾರೆ. 1987ರಲ್ಲಿ ಅಲ್ಲಿನ ಸರಕಾರ ರೇಷನ್ ಅಡುಗೆ ಎಣ್ಣೆಯನ್ನು ಬದಲಿಸಿತು. ಅಲ್ಲಿಯವರೆಗೆ ಅದರಲ್ಲಿ ಹೆಚ್ಚಿನ ಪಾಲು ತಾಳೆ ಎಣ್ಣೆ. ಆಮೇಲೆ ಸೋಯಾ ಎಣ್ಣೆ. ಐದು ವರ್ಷದಲ್ಲಿ ಜನರ ಸರಾಸರಿ ಕೊಲೆಸ್ಟ್ರಾಲ್ ನಮ್ಮ ಲ್ಯಾಬ್ ವರದಿಗಳ ಅಳತೆಯಲ್ಲಿ ಸುಮಾರು 213ರಿಂದ 182ಕ್ಕೆ ಇಳಿಯಿತು. ಅದಕ್ಕೆ ಒಂದು ಮುಖ್ಯ ಕಾರಣ, ಮನೆಗೆ ಬರುವ ಡಬ್ಬದ ಒಳಗಿನ ಎಣ್ಣೆ ಬೇರೆಯಾದದ್ದು. ಧೂಮಪಾನವೂ ಆಗ ಇಳಿಯಿತು. ಆದರೆ ಬೊಜ್ಜು ಏರಿತು. ಎಣ್ಣೆಯೊಂದೇ ಎಲ್ಲವನ್ನೂ ಸರಿಮಾಡುವುದಿಲ್ಲ ಎಂಬುದಕ್ಕೂ ಈ ದ್ವೀಪವೇ ಸಾಕ್ಷಿ.

ಬ್ರಿಟನ್ ಮತ್ತು ಡೆನ್ಮಾರ್ಕ್: ಎರಡು ದೇಶ, ನಾಲ್ಕು ಪಾಠ

ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಸುಮಾರು 2003ರಿಂದ ಆಹಾರ ಕಂಪನಿಗಳ ಜೊತೆ ಕುಳಿತು ಬ್ರೆಡ್ಡು, ಬಿಸ್ಕತ್ತು, ಸಾಸು, ಸಿದ್ಧ ಊಟ ಹೀಗೆ ಒಂದೊಂದಕ್ಕೂ ಉಪ್ಪಿನ ಗುರಿ ಹಾಕಿಕೊಟ್ಟಿತು. ಒಮ್ಮೆಲೇ ಇಳಿಸಲಿಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ನಾಲಿಗೆ ತಾನಾಗಿ ಒಗ್ಗಿಕೊಂಡಿತು. ದಿನಕ್ಕೆ ತಲೆಗೆ 9.5 ಗ್ರಾಂ ಇದ್ದ ಉಪ್ಪು ಹತ್ತು ವರ್ಷದಲ್ಲಿ 8.1 ಗ್ರಾಂಗೆ ಬಂತು. ಬಳಿಕ 2011ರಲ್ಲಿ ಹೊಣೆಯನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಾಗ ಆ ಓಟ ನಿಧಾನವಾಯಿತು.

ಅದೇ ಬ್ರಿಟನ್ನಿನ ಇಂಗ್ಲೆಂಡ್ 2009ರಲ್ಲಿ 40ರಿಂದ 74 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಉಚಿತ ತಪಾಸಣೆಯನ್ನೂ ತಂದಿತು. ಇದು ನಮ್ಮ ಶಿಬಿರಕ್ಕೆ ಹತ್ತಿರದ್ದು. ಕರೆದವರಲ್ಲಿ ಬಂದವರು ಸುಮಾರು ಅರ್ಧ.

ಡೆನ್ಮಾರ್ಕಿನ ಕಥೆ ಇನ್ನೂ ಖಂಡಿತ. ಅಲ್ಲಿ 1999ರಲ್ಲಿ ಕೋಪನ್‌ಹೇಗನ್ನಿನ ಸುತ್ತಲಿನ 30ರಿಂದ 60 ವಯಸ್ಸಿನ ಸುಮಾರು 60,000 ಜನರನ್ನು ತೆಗೆದುಕೊಂಡು, ಅವರಲ್ಲಿ ಸುಮಾರು 11,600 ಜನರನ್ನು ತಪಾಸಣೆಗೆ ಕರೆದರು. ಅಪಾಯ ಕಂಡವರಿಗೆ ಐದು ವರ್ಷದವರೆಗೆ ಮತ್ತೆ ಮತ್ತೆ ಸಲಹೆ ಕೊಟ್ಟರು. ಹತ್ತು ವರ್ಷದ ಮೇಲೆ ಎಣಿಸಿದಾಗ ಕರೆದವರಿಗೂ ಕರೆಯದವರಿಗೂ ಹೃದ್ರೋಗದಲ್ಲಿ ವ್ಯತ್ಯಾಸವೇ ಇರಲಿಲ್ಲ. ಒಂದು ದಿನದ ಶಿಬಿರ ನಡೆಸುವ ನಾವು ಇದನ್ನು ಎರಡು ಸಲ ಓದಬೇಕು. ಅವರದು ನಮ್ಮದಕ್ಕಿಂತ ಎಷ್ಟೋ ಪಾಲು ಶ್ರದ್ಧೆಯ ಕೆಲಸ. ಆದರೂ ಬರಿಯ ತಪಾಸಣೆ ಮತ್ತು ಸಲಹೆ ಕೆಲಸಕ್ಕೆ ಬರಲಿಲ್ಲ. ಅದೇ ದೇಶ 2003ರಲ್ಲಿ, ಕಾರ್ಖಾನೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಯಾವ ಆಹಾರದ ಕೊಬ್ಬಿನಲ್ಲೂ ಶೇ 2 ಮೀರಬಾರದು ಎಂದು ಜಗತ್ತಿನಲ್ಲೇ ಮೊದಲು ನಿಯಮ ಮಾಡಿ ಗೆದ್ದಿತು. ಡಾಲ್ಡಾದಲ್ಲಿ ಇರುತ್ತಿದ್ದುದು ಇದೇ ಕೊಬ್ಬು. ನಮ್ಮ ದೇಶವೂ 2022ರ ಜನವರಿಯಿಂದ ಅದೇ ಶೇ 2ರ ಮಿತಿಗೆ ಬಂದಿದೆ.

ಜಪಾನ್: ಸೊಂಟದ ಪಟ್ಟಿ

ಜಪಾನಿನಲ್ಲಿ 1951ರಿಂದ 1980ರವರೆಗೆ ಸಾವಿನ ಮೊದಲ ಕಾರಣ ಪಾರ್ಶ್ವವಾಯು. ಉಪ್ಪಿನಲ್ಲಿ ಊರಿಸಿದ ತರಕಾರಿ, ಉಪ್ಪು ಮೀನು, ಉಪ್ಪಾದ ಮಿಸೊ ಸಾರು. ನಮ್ಮ ಕರಾವಳಿಯ ಉಪ್ಪಿನಕಾಯಿ, ಒಣಮೀನುಗಳ ನೆನಪಾಗುತ್ತದೆ. ನಾಗಾನೋ ಪ್ರಾಂತ್ಯದಲ್ಲಿ ಸಾಮಾನ್ಯ ಗೃಹಿಣಿಯರೇ ಆರೋಗ್ಯ ಸ್ವಯಂಸೇವಕಿಯರಾಗಿ ಮನೆಮನೆಯ ಸಾರಿನ ಉಪ್ಪು ಅಳೆದರು. ಇಂದು ಅದು ದೀರ್ಘಾಯುಷಿಗಳ ಪ್ರಾಂತ್ಯ. ಆದರೆ 2008ರಲ್ಲಿ ದೇಶವಿಡೀ ತಂದ ಸೊಂಟ ಅಳೆಯುವ ತಪಾಸಣೆ, ಅಂದರೆ ಗಂಡಸರಿಗೆ 85 ಸೆಂ.ಮೀ., ಹೆಂಗಸರಿಗೆ 90 ಸೆಂ.ಮೀ. ಮೀರಿದರೆ ಸಲಹೆ, ತೂಕವನ್ನು ಅತಿ ಅಲ್ಪ ಇಳಿಸಿದ್ದು ಬಿಟ್ಟರೆ ಹೇಳಿಕೊಳ್ಳುವ ಫಲ ಕೊಟ್ಟಿಲ್ಲ. ಭಾರತೀಯರಿಗೆ ಮಿತಿ ಬೇರೆ ಎಂಬುದು ನೆನಪಿರಲಿ: ಗಂಡಸರಿಗೆ 90, ಹೆಂಗಸರಿಗೆ 80.

ಅಮೆರಿಕ ಮತ್ತು ಭಾರತ: ನೋಂದಣಿ ಪುಸ್ತಕ

ರಕ್ತದೊತ್ತಡ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಶತ್ರುಗಳು ಎಂದು ಜಗತ್ತಿಗೆ ಕಲಿಸಿದ್ದೇ ಅಮೆರಿಕ. ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನ 1948ರಿಂದ ನಡೆಯುತ್ತಿದೆ. ಆದರೆ ಎಲ್ಲರಿಗೂ ವಿಮೆ ಇಲ್ಲದ ಆ ದೇಶದಲ್ಲಿ ತಿಳಿವಳಿಕೆ ಎಲ್ಲರ ಮನೆಗೆ ಸಮನಾಗಿ ತಲುಪಲಿಲ್ಲ. ಇಡೀ ದೇಶಕ್ಕಿಂತ ನನಗೆ ಹಿಡಿಸಿದ್ದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ವಿಮೆ, ಆಸ್ಪತ್ರೆ ಎರಡನ್ನೂ ನಡೆಸುವ ಕೈಸರ್ ಪರ್ಮನೆಂಟೆ ಸಂಸ್ಥೆಯ ಕೆಲಸ. 2001ರಲ್ಲಿ ಅವರ ಬಿ.ಪಿ. ರೋಗಿಗಳಲ್ಲಿ ಶೇ 44ರಷ್ಟು ಜನರ ಒತ್ತಡ ಮಾತ್ರ ಹತೋಟಿಯಲ್ಲಿತ್ತು. 2009ಕ್ಕೆ ಅದು ಶೇ 80 ಮುಟ್ಟಿತು. ಮಾಡಿದ್ದೇನು? ಬಿ.ಪಿ. ಇರುವ ಪ್ರತಿಯೊಬ್ಬರ ಹೆಸರನ್ನೂ ಒಂದೇ ಪಟ್ಟಿಗೆ ತಂದರು. ಎಲ್ಲ ವೈದ್ಯರಿಗೂ ಒಂದೇ ಸರಳ ಔಷಧಕ್ರಮ ಕೊಟ್ಟರು. ಎರಡು ಔಷಧವನ್ನು ಒಂದೇ ಮಾತ್ರೆಯಲ್ಲಿ ಕೊಟ್ಟರು. ಔಷಧ ಬದಲಾದ ಎರಡರಿಂದ ನಾಲ್ಕು ವಾರಕ್ಕೆ ರೋಗಿ ಬಂದು, ವೈದ್ಯರಿಗಾಗಿ ಕಾಯದೆ, ಶುಲ್ಕ ಕೊಡದೆ, ಸಹಾಯಕರ ಬಳಿ ಒತ್ತಡ ನೋಡಿಸಿಕೊಂಡು ಹೋಗಬಹುದಿತ್ತು.

ಇದರ ನಮ್ಮ ನೆಲದ ರೂಪ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ. 2017ರ ಕೊನೆಗೆ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಆರಂಭವಾಯಿತು. ಮಹಾರಾಷ್ಟ್ರ ಆ ಐದರಲ್ಲಿ ಒಂದು. ಇಲ್ಲೂ ಅದೇ ಬೆನ್ನೆಲುಬು: ಪ್ರತಿ ರೋಗಿಗೂ ಒಂದು ಕಾರ್ಡು, ಆಮ್ಲೊಡಿಪಿನ್, ಟೆಲ್ಮಿಸಾರ್ಟನ್‌ನಂಥ ಅಗ್ಗದ ಮಾತ್ರೆಗಳ ನಿಗದಿಯಾದ ಕ್ರಮ, ಸರಕಾರಿ ದವಾಖಾನೆಯಲ್ಲಿ ಉಚಿತ ಔಷಧ, ತಪ್ಪಿಸಿಕೊಂಡವರಿಗೆ ಫೋನು. 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಏಳುವ ಭಟ್ಟರು, ರಾತ್ರಿ ಹನ್ನೊಂದರವರೆಗೆ ನಿಂತೇ ಇರುವ ಸಪ್ಲೈಯರ್ ಆ ದವಾಖಾನೆಯ ಸಾಲಿನಲ್ಲಿ ಯಾವಾಗ ನಿಲ್ಲಬೇಕು?

ಹಾಗಾದರೆ ಯಾರು ಯಾವುದನ್ನು ಆರಿಸಬೇಕು

ಸದಸ್ಯರಲ್ಲಿ ಹೋಟೆಲಿನವರು ಹೆಚ್ಚಿರುವ ಸಂಘವಾದರೆ ಎರಡನೆಯ ಯೋಚನೆ ಬೇಡ, ಫಿನ್ಲೆಂಡ್, ಮಾರಿಷಸ್ ಮತ್ತು ಬ್ರಿಟನ್ನಿನ ಉಪ್ಪಿನ ದಾರಿ ಹಿಡಿಯಿರಿ. ಇದಕ್ಕೆ ಹೆಚ್ಚು ಹಣ ಬೇಕಾಗಿಲ್ಲ, ಮಾಲೀಕರ ಮನಸ್ಸು ಬೇಕು. ಉಪ್ಪನ್ನು ಕೈಯಂದಾಜಿನಲ್ಲಿ ಹಾಕುವ ಬದಲು ಅಳತೆಯ ಚಮಚ ಇಡಿ. ತಿಂಗಳಿಗೊಮ್ಮೆ ಹತ್ತರಲ್ಲಿ ಒಂದು ಪಾಲಿನಂತೆ ಕೆಲವು ತಿಂಗಳು ಇಳಿಸುತ್ತ ಬನ್ನಿ, ಗಿರಾಕಿಗಳಿಗೆ ಹೇಳುವ ಅಗತ್ಯವೂ ಇಲ್ಲ. ಹಪ್ಪಳ, ಉಪ್ಪಿನಕಾಯಿ ಕೇಳಿದವರಿಗೆ ಮಾತ್ರ. ದೋಸೆ, ಪಾವ್‌ಭಾಜಿಯ ಮೇಲಿನ ಬೆಣ್ಣೆಯೂ ಹಾಗೆಯೇ. ಕರಿಯುವುದಕ್ಕೆ ಪಾಮೋಲಿನ್, ಅಂದರೆ ತಾಳೆ ಎಣ್ಣೆ, ಬಳಸುವುದನ್ನು ನಿಲ್ಲಿಸಿ. ಒಮ್ಮೆ ಕಾದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೆ ಕಾನೂನಿನ ಮಿತಿಯೇ ಇದೆ: ಎಣ್ಣೆ ಕೆಟ್ಟಾಗ ಹುಟ್ಟುವ ಪೋಲಾರ್ ಅಂಶ ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ. ಒಂದು ಬಡಾವಣೆಯ ಹತ್ತಾರು ಹೋಟೆಲುಗಳಿಗೆ ಪಾವ್ ಬರುವುದು ಒಂದೆರಡು ಬೇಕರಿಗಳಿಂದ. ಬ್ರಿಟನ್ನಿನವರು ಬ್ರೆಡ್ಡಿನ ಉಪ್ಪು ಇಳಿಸಿದಂತೆ, ಹತ್ತು ಮಾಲೀಕರು ಒಟ್ಟಿಗೆ ಹೋಗಿ ಕೇಳಿದರೆ ಬೇಕರಿಯವನು ಕೇಳದೆ ಇರಲಾರ.

ಪೊಟ್ಯಾಸಿಯಂ ಸೇರಿಸಿದ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆಯೂ ಕೇಳುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಅದನ್ನು ಬಳಸಿದವರಿಗೆ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾದದ್ದು ನಿಜ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್‌ನಂಥ ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ ತರಬಹುದು. ಮನೆಯಲ್ಲಿ ವೈದ್ಯರನ್ನು ಕೇಳಿ ಬಳಸಿ. ಯಾರು ಬಂದು ತಿನ್ನುತ್ತಾರೆಂದು ಗೊತ್ತಿಲ್ಲದ ಹೋಟೆಲಿನಲ್ಲಿ ಬೇಡ.

ಹಿರಿಯರು ಹೆಚ್ಚಿರುವ, ಹೋಟೆಲುಗಳು ಕಡಿಮೆ ಇರುವ ಉಪನಗರದ ಸಂಘಗಳಿಗೆ ನೋಂದಣಿ ಪುಸ್ತಕದ ದಾರಿ. ಒಂದು ದಪ್ಪ ಪುಸ್ತಕ, ತೋಳಿಗೆ ಕಟ್ಟುವ ಎರಡು ಒಳ್ಳೆಯ ಬಿ.ಪಿ. ಯಂತ್ರ, ನನ್ನಂಥ ನಾಲ್ಕೈದು ನಿವೃತ್ತ ನರ್ಸ್‌ಗಳು. ಪುಟದಲ್ಲಿ ಹೆಸರು, ಫೋನು, ಒತ್ತಡ, ಮಾತ್ರೆ, ಮುಂದಿನ ತಾರೀಕು. ತಾರೀಕು ದಾಟಿದರೆ ಫೋನು ಮಾಡುವುದು ನಮ್ಮ ಕೆಲಸ, ರೋಗಿಯದಲ್ಲ. 140/90 ದಾಟಿದವರನ್ನು ಚೀಟಿ ಕೊಟ್ಟು ಕಳಿಸುವುದಿಲ್ಲ. ಜೊತೆಯಲ್ಲಿ ಪಾಲಿಕೆಯ ದವಾಖಾನೆಗೆ ಕರೆದುಕೊಂಡು ಹೋಗಿ ಮೊದಲ ಮಾತ್ರೆಯನ್ನು ಕೈಗೆ ಕೊಡಿಸಿ ಬರಬೇಕು. ತಂಬಾಕಿನ ಕಾಲಂ ಒಂದು ಇರಲೇಬೇಕು. ಗುಟ್ಕಾ ಈ ರಾಜ್ಯದಲ್ಲಿ 2012ರಿಂದ ನಿಷಿದ್ಧ, ಆದರೂ ಅಡುಗೆಮನೆಯ ಹಿಂಬಾಗಿಲಲ್ಲಿ ತಂಬಾಕು ತಿಕ್ಕುವ ಅಂಗೈಗಳನ್ನು ನಾನು ದಿನವೂ ಕಾಣುತ್ತೇನೆ.

ಮನೆಯವರಿಗೆ ಒಂದು ಲೆಕ್ಕ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಬೇಕು. ನಾಲ್ವರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಹೊರಗಿನ ತಿಂಡಿ, ಅಂಗಡಿಯ ಉಪ್ಪಿನಕಾಯಿ, ಫರ್ಸಾಣ್ ಸೇರಿದರೆ ಇನ್ನೂ ಹೆಚ್ಚು ದಿನ. ಒಡೆದ ದಿನದ ತಾರೀಕನ್ನು ಪ್ಯಾಕೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಬರೆದಿಟ್ಟ ನಮ್ಮ ಕಟ್ಟಡದ ಒಬ್ಬ ಸೊಸೆ 28ನೇ ದಿನಕ್ಕೆ ಖಾಲಿ ಪ್ಯಾಕೆಟ್ ಹಿಡಿದು ನನ್ನ ಬಳಿ ಬಂದಳು.

ಶಿಬಿರ ಬಿಡಲಾಗದು ಎನ್ನುವವರಿಗೆ ಒಂದು ವಿನಂತಿ. ತೊಂದರೆಯೇ ಇಲ್ಲದವರಿಗೆ ಸಾಲಿನಲ್ಲಿ ಇಸಿಜಿ ತೆಗೆಸುವುದನ್ನು ನಿಲ್ಲಿಸಿ. ನಾಳೆ ಬರುವ ಹೃದಯಾಘಾತ ಇಂದಿನ ಇಸಿಜಿಯಲ್ಲಿ ಕಾಣುವುದಿಲ್ಲ. ಸಹಜ ಎಂದು ಬಂದ ಕಾಗದ ಕೊಡುವ ಸುಳ್ಳು ಧೈರ್ಯ ಮಾತ್ರ ಬಹಳ ದಿನ ಉಳಿಯುತ್ತದೆ. ಆ ಹಣದಲ್ಲಿ ಯಂತ್ರ ಕೊಳ್ಳಿ. ಎದೆನೋವು, ಏದುಸಿರು ಇರುವವರ ಮಾತು ಬೇರೆ; ಅವರು ಶಿಬಿರಕ್ಕೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಸಮಿತಿಗೆ ನಾನು ಕೊಟ್ಟ ಉತ್ತರ ಇದು: ಅಡುಗೆಮನೆಯೂ ಬೇಕು, ಪುಸ್ತಕವೂ ಬೇಕು, ಈ ವರ್ಷದ ಹಣ ಪುಸ್ತಕಕ್ಕೆ. ಸಮಯದ ವಿಷಯದಲ್ಲಿ ನಮ್ಮ ಹಿರಿಯರೇ ದಾರಿ ತೋರಿಸಿದ್ದಾರೆ. ಹೋಟೆಲಿನ ಹುಡುಗರು ಹಗಲು ಶಾಲೆಗೆ ಬರಲಾರರೆಂದು ಅವರು ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು, ಮೂರೂವರೆಯಿಂದ ನಾಲ್ಕೂವರೆಯವರೆಗೆ, ಹೋಟೆಲು ತುಸು ಉಸಿರಾಡುತ್ತದೆ. ಆ ಹೊತ್ತಿಗೆ ಯಂತ್ರ ಹಿಡಿದು ನಾವೇ ಅಲ್ಲಿಗೆ ಹೋಗುತ್ತೇವೆ. ಮೊದಲ ಹೋಟೆಲು ಆ ಭಟ್ಟರು ದುಡಿದ ಜಾಗವೇ, ಮಾಲೀಕರು ಒಪ್ಪಿದ್ದಾರೆ. ಅಲ್ಲಿ ಈಗ ಹನ್ನೆರಡು ಜನ ಕೆಲಸಗಾರರಿದ್ದಾರೆ. ಹನ್ನೆರಡು ಪುಟಗಳಿಗೆ ನಿನ್ನೆ ರಾತ್ರಿ ಗೆರೆ ಹಾಕಿಟ್ಟಿದ್ದೇನೆ.